ಕಟ್ ಪೀಸ್ ಪ್ಲೈವುಡ್ಡು, ಪಿವಿಸಿ ಪೈಪಲ್ಲಿ ಪವರ್ ಟೂಲ್ಸ್‌ಗೆ ಗೋಡೆ ಸ್ಟ್ಯಾಂಡ್ ಮಾಡ್ಕೊಳ್ಳೋದು ಹೇಗೆ

ಹೋದ ವರ್ಷ ಆಯುಧ ಪೂಜೆ ದಿನ ಶೆಡ್ಡಲ್ಲಿರೋ ಮಷೀನೆಲ್ಲಾ ಹೊರಗೆ ತಂದು ಒರೆಸಿ ಜಮಖಾನದ ಮೇಲೆ ಸಾಲಾಗಿ ಇಟ್ಟೆ ನೋಡಿ, ಅವತ್ತೇ ಸರಿಯಾಗಿ ಕಣ್ಣಿಗೆ ಬಿದ್ದಿದ್ದು. ಗ್ರೈಂಡರ್ ವೈರು ಕತ್ತಿನ ಹತ್ರ ಸೀಳಿ ತಾಮ್ರ ಇಣುಕ್ತಿತ್ತು, ಡ್ರಿಲ್ ಚಕ್ (ಬಿಟ್ ಹಿಡಿಯೋ ಬಾಯಿ) ಮೇಲೆ ತುಕ್ಕು, ಜಿಗ್ ಸಾ ಬೇಸ್ ಪ್ಲೇಟು ಒಂದು ಕಡೆ ಬಗ್ಗಿತ್ತು. ಇದ್ಯಾವ್ದೂ ಕೆಲಸ ಮಾಡಿ ಹಾಳಾಗಿದ್ದಲ್ಲ, ಇಟ್ಟ ರೀತಿಗೇ ಹಾಳಾಗಿದ್ದು. ಎಲ್ಲಾನೂ ಒಂದು ಗೋಣಿಚೀಲ, ಎರಡು ರಟ್ಟಿನ ಡಬ್ಬದಲ್ಲಿ ತುಂಬಿ ಮೂಲೆಲಿ ಒತ್ತಿದ್ದೆ, ಮೇಲಿನದು ಬೇಕಂದ್ರೆ ಸರಿ, ಕೆಳಗಿನದು ಬೇಕಂದ್ರೆ ಎಲ್ಲಾ ಎಳೆದು ನೆಲಕ್ಕೆ ಸುರೀಬೇಕು. ಅದಾದ ಮುಂದಿನ ಭಾನುವಾರನೇ ಕೂತು ಈ ಸ್ಟ್ಯಾಂಡ್ ಮಾಡಿದ್ದು, ಎರಡು ಭಾನುವಾರ ಹಿಡೀತು, ಖರ್ಚು 700 ಚಿಲ್ಲರೆ. ಈಗ ಒಂದು ವರ್ಷದಿಂದ ದಿನಾ ಬಳಸ್ತಾ ಇದೀನಿ ಆದ್ರಿಂದ ಅಳತೆ ಸಮೇತ ಬರೀತಿದೀನಿ.

ಮೊದಲು ಒಂದು ಮಾತು, ಇದನ್ನ ಮನಸ್ಸಲ್ಲಿ ಇಟ್ಕೊಂಡ್ರೆ ಡಿಸೈನ್ ತಾನೇ ಬರುತ್ತೆ. ಮಷೀನನ್ನ ಒಂದೇ ಕೈಲಿ ತೆಗೆಯೋ ಹಾಗಿರ್ಬೇಕು, ಒಂದೇ ಕೈಲಿ ವಾಪಸ್ ಇಡೋ ಹಾಗಿರ್ಬೇಕು. ಯಾಕಂದ್ರೆ ಕೆಲಸ ಮಾಡೋವಾಗ ಇನ್ನೊಂದು ಕೈಲಿ ಹಲಗೆ ಇರುತ್ತೆ, ಇಲ್ಲಾ ಕ್ಲಾಂಪ್ ಇರುತ್ತೆ. ಬಾಗಿಲು ತೆಗಿ, ಮುಚ್ಚಳ ಎತ್ತು, ವೈರ್ ಸುತ್ತು ಅಂತಿದ್ರೆ ಯಾರೂ ವಾಪಸ್ ಇಡಲ್ಲ, ಅಲ್ಲೇ ನೆಲದ ಮೇಲೆ ಇಡ್ತೀವಿ, ಆಮೇಲೆ ಕಾಲಿಗೆ ವೈರ್ ಸಿಕ್ಕಿ ಮಷೀನ್ ಬೀಳುತ್ತೆ. ಚೆನ್ನಾಗಿರೋ ಬೀರು ಮಾಡಿ ಅದರೊಳಗೆ ಇಡೋಣ ಅಂತ ಸುಮಾರು ಜನ ಶುರು ಮಾಡ್ತಾರೆ, ಸಣ್ಣ ಶೆಡ್ಡಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ತೆರೆದ ಗೋಡೆ ಸ್ಟ್ಯಾಂಡೇ ಸರಿ.

ಸಾಮಾನು ಎಲ್ಲಿಂದ ತರೋದು

8 ಅಡಿ 4 ಅಡಿ ಫುಲ್ ಶೀಟ್ ತರೋಕೆ ಹೋಗ್ಬೇಡಿ. ನಿಮ್ಮ ಏರಿಯಾದಲ್ಲಿ ಯಾವುದಾದ್ರೂ ಹೊಸ ಮನೆಗೆ ವಾರ್ಡ್‌ರೋಬ್, ಕಿಚನ್ ಕೆಲಸ ನಡೀತಿದ್ರೆ ಅಲ್ಲಿ ಕಾರ್ಪೆಂಟರ್ ಹತ್ರ ಕೇಳಿ, 18 ಎಂಎಂ ಪ್ಲೈವುಡ್ ಕಟ್ ಪೀಸ್ ರಾಶಿ ಬಿದ್ದಿರುತ್ತೆ. ಪ್ಲೈವುಡ್ ಅಂಗಡಿಗಳಲ್ಲೂ ಹಿಂದ್ಗಡೆ ಒರಗಿಸಿಟ್ಟಿರ್ತಾರೆ, ಕೇಳಿದ್ರೆ ಕಮ್ಮಿಗೆ ಕೊಡ್ತಾರೆ. ನಂಗೆ 2 ಅಡಿ 3 ಅಡಿದು ಒಂದು, 6 ಎಂಎಂದು ಸಣ್ಣದೊಂದು, ಎರಡೂ ಸೇರಿ 350 ರೂಪಾಯಿಗೆ ಸಿಕ್ತು. ಬಯಲುಸೀಮೆ ಕಡೆ ಒಣ ಶೆಡ್ ಆದ್ರೆ ಐಎಸ್ 303 ಅಂತ ಸೀಲ್ ಇರೋ ಕಮರ್ಷಿಯಲ್ ಪ್ಲೈ ಸಾಕು. ಮಲೆನಾಡು, ಕರಾವಳಿ ಕಡೆಯವರು ಐಎಸ್ 710 ಸೀಲ್ ಇರೋ ಪೀಸನ್ನೇ ಹುಡುಕಿ, ಅದು ಮರೀನ್ ಪ್ಲೈ, ಕಿಚನ್ ಸಿಂಕ್ ಕೆಳಗಿನ ಕೆಲಸಕ್ಕೆ ಇದನ್ನೇ ಹಾಕಿರ್ತಾರೆ ಆದ್ರಿಂದ ಕಟ್ ಪೀಸ್ ಸಿಗುತ್ತೆ. ಲ್ಯಾಮಿನೇಟ್ ಅಂಟಿಸಿರೋ ಪೀಸ್ ಆದ್ರೆ ಒಂದು ನೆನಪಿರ್ಲಿ, ಮೈಕಾ ಮೇಲೆ ಫೆವಿಕಾಲ್ ಹಿಡಿಯಲ್ಲ, ಜಾಯಿಂಟ್ ಬರೋ ಜಾಗದಲ್ಲಿ ಕೆರೆದು ಮರ ಕಾಣೋ ಹಾಗೆ ಮಾಡ್ಕೊಳ್ಳಿ.

ಪೈನ್ ಪ್ಯಾಲೆಟ್ ಮರನೂ ಆಗುತ್ತೆ, ಬೆಂಗಳೂರಲ್ಲಿ ಪೀಣ್ಯ ಕಡೆ ಪ್ಯಾಕಿಂಗ್ ಮರ ಬೇಕಾದಷ್ಟು. ಹೊರದೇಶದಿಂದ ಬಂದಿರೋ ಪ್ಯಾಲೆಟ್ ಮೇಲೆ ಸುಟ್ಟಿರೋ ಗುರುತು ನೋಡಿ, ಎಚ್‌ಟಿ ಅಂತಿದ್ರೆ ಬಿಸಿ ಮಾಡಿ ಹುಳ ಸಾಯಿಸಿದ್ದು, ತಗೊಳ್ಳಿ. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಕೊಟ್ಟಿದ್ದು, ಅದನ್ನ ಮುಟ್ಲೇ ಬೇಡಿ, ಕುಯ್ದಾಗ ಬರೋ ಧೂಳು ನಮ್ಮ ಮೂಗಿಗೇ ಹೋಗೋದು.

ಸ್ಕ್ರೂ ವಿಷಯದಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಕಪ್ಪು ಜಿಪ್ಸಂ ಸ್ಕ್ರೂ ಹೊಡೆಯೋದು. ಅದು ಅಗ್ಗ, ಬೇಗ ಒಳಗೆ ಹೋಗುತ್ತೆ, ಆದ್ರೆ ಪೆಡಸು, ಭಾರ ಜಗ್ಗಿದಾಗ ಬಗ್ಗಲ್ಲ, ಪಟ್ ಅಂತ ತಲೆ ಮುರಿಯುತ್ತೆ. ತೂಕ ಹೊರೋ ಕಡೆ 50 ಎಂಎಂ ಚಿಪ್‌ಬೋರ್ಡ್ ಸ್ಕ್ರೂ, ನಂಬರ್ 8, ಹಳದಿ ಕೋಟಿಂಗ್ ಇರುತ್ತಲ್ಲ, ಅದನ್ನೇ ಹಾಕಿ.

ಡ್ರಿಲ್ ಬಾಕ್ಸ್

ಕಾರ್ಡ್‌ಲೆಸ್ ಡ್ರಿಲ್, ಇಂಪ್ಯಾಕ್ಟ್ ಡ್ರೈವರ್, ವೈರ್ ಇರೋ ಸಾದಾ ಡ್ರಿಲ್, ಎಲ್ಲದಕ್ಕೂ ಐಡಿಯಾ ಒಂದೇ. ಮಷೀನಿನ ಹೊಟ್ಟೆ ಭಾಗ ದಪ್ಪ, ಹಿಡಿ ಸಣ್ಣ. ಹಲಗೆಗೆ ಮುಂದ್ಗಡೆಯಿಂದ ಹಿಡಿ ಹೋಗೋವಷ್ಟು ಅಗಲದ ಸೀಳು ಮಾಡಿದ್ರೆ ಹೊಟ್ಟೆ ಹಲಗೆ ಮೇಲೆ ಕೂರುತ್ತೆ, ಹಿಡಿ ಮತ್ತೆ ಬ್ಯಾಟರಿ ಕೆಳಗೆ ನೇತಾಡುತ್ತೆ. ಅಷ್ಟೇ.

ಆದ್ರೆ ನನ್ನ ಅಳತೆ ಹಾಗೇ ತಗೋಬೇಡಿ, ನಿಮ್ಮ ಮಷೀನ್ ಅಳೀರಿ. ದಪ್ಪ ಅಳೆಯೋ ವರ್ನಿಯರ್ ಇಲ್ಲ ಅಂದ್ರೆ ಹಿಡಿ ಪಕ್ಕ ಎರಡು ಕಡೆ ಎರಡು ಮರದ ತುಂಡು ಒತ್ತಿ ಹಿಡಿದು ಮಧ್ಯದ ಗ್ಯಾಪ್ ಸ್ಕೇಲಲ್ಲಿ ನೋಡಿ. ನನ್ನ ದಪ್ಪದ ಡ್ರಿಲ್ ಹಿಡಿ 40 ಎಂಎಂ ಬಂತು, ಹೊಟ್ಟೆ 70, ಅದಕ್ಕೆ ಸೀಳು 45 ಇಟ್ಟೆ, 5 ಎಂಎಂ ಲೂಸ್ ಇದ್ರೆ ನೋಡದೇನೇ ಒಳಗೆ ತಳ್ಳಬಹುದು. ಹೊಟ್ಟೆ ಎರಡೂ ಕಡೆ 12 ಎಂಎಂ ಆದ್ರೂ ಹಲಗೆ ಮೇಲೆ ಕೂತಿರ್ಬೇಕು, ಅದಕ್ಕಿಂತ ಕಮ್ಮಿ ಆದ್ರೆ ಸೀಳು ಕಮ್ಮಿ ಮಾಡಿ.

ನಾಲ್ಕು ಮಷೀನಿನ ಬಾಕ್ಸಿಗೆ 18 ಎಂಎಂ ಪ್ಲೈಲಿ ನಾಲ್ಕು ಪೀಸ್ ಬೇಕು. ಸೀಳು ಇರೋ ಹಲಗೆ ಮತ್ತೆ ಮೇಲಿನ ಹಲಗೆ, ಎರಡೂ 450 ಕ್ಕೆ 200 ಎಂಎಂ. ಪಕ್ಕದ ಎರಡು ಹಲಗೆ, 320 ಕ್ಕೆ 200. ಹಿಂದ್ಗಡೆಗೆ 6 ಎಂಎಂ ಪ್ಲೈ 486 ಕ್ಕೆ 320. 2 ಅಡಿ 3 ಅಡಿ ಪೀಸಲ್ಲಿ 3 ಅಡಿ ಉದ್ದಕ್ಕೆ ಮೊದಲ ಸಾಲಲ್ಲಿ 450ರ ಎರಡೂ ಬರುತ್ತೆ, ಎರಡನೇ ಸಾಲಲ್ಲಿ 320ರ ಎರಡೂ ಬರುತ್ತೆ, ಇಷ್ಟಾದ್ಮೇಲೂ ಹತ್ತಿರ ಹತ್ತಿರ 200 ಅಗಲದ 3 ಅಡಿ ಪಟ್ಟಿ ಒಂದು ಉಳಿಯುತ್ತೆ, ಅದನ್ನ ಬಿಸಾಕ್ಬೇಡಿ, ನೇತಾಕೋ ಪಟ್ಟಿಗೆ ಅದೇ ಬೇಕು. ಟೇಬಲ್ ಸಾ ಇಲ್ಲದವರು ಪ್ಲೈವುಡ್ ಅಂಗಡಿಲೇ ಕುಯ್ಸಿಕೊಂಡು ಬನ್ನಿ. ನಮ್ಮ ಕಡೆ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕಿ ಪ್ಲೈ ಕುಯ್ಯೋದು ಮಾಮೂಲಿ, ಅದರಲ್ಲಿ ಬ್ಲೇಡ್ ಮುಚ್ಚೋ ಕೆಳಗಿನ ಗಾರ್ಡೇ ಇರಲ್ಲ, ಬ್ಲೇಡ್ ಸಿಕ್ಕಾಕ್ಕೊಂಡ್ರೆ ಮಷೀನ್ ನಮ್ಮ ಕಡೆ ಹಾರಿ ಬರುತ್ತೆ. ದಯವಿಟ್ಟು ಹಾಗೆ ಮಾಡ್ಬೇಡಿ.

ಸೀಳು ಗುರುತು ಮಾಡೋದು ಹೀಗೆ. 450 ಉದ್ದದ ಹಲಗೆಲಿ ಎಡಗಡೆಯಿಂದ 56, 169, 281, 394 ಎಂಎಂಗೆ ಗೀಟು ಹಾಕಿ, ಅವು ನಾಲ್ಕು ಸೀಳಿನ ಮಧ್ಯದ ಗೀಟು. ಪ್ರತಿ ಗೀಟಿಂದ ಆ ಕಡೆ ಈ ಕಡೆ ಇಪ್ಪತ್ತೆರಡೂವರೆ. ಮುಂದಿನ ಅಂಚಿಂದ ಒಳಗೆ 120 ಎಂಎಂ. ಒಳಗಿನ ಎರಡು ಮೂಲೆಗೂ 10 ಎಂಎಂ ಡ್ರಿಲ್ ಬಿಟ್ ಹಾಕಿ ತೂತು ಹೊಡೆದು, ಮುಂದ್ಗಡೆಯಿಂದ ಎರಡು ನೇರ ಗೀಟಿನ ಮೇಲೆ ಕೈ ಗರಗಸದಲ್ಲೋ ಜಿಗ್ ಸಾದಲ್ಲೋ ಕುಯ್ದು, ಕೊನೆಗೆ ತೂತಿಂದ ತೂತಿಗೆ ಅಡ್ಡ ಕುಯ್ದ್ರೆ ತುಂಡು ಉದುರುತ್ತೆ. ಅಂಚೆಲ್ಲಾ ಉಪ್ಪುಕಾಗದದಲ್ಲಿ ಉಜ್ಜಿ ಮೊಂಡ ಮಾಡಿ, ಮುಂದಿನ ಬಾಯಿ ಸ್ವಲ್ಪ ಅಗಲ ಮಾಡಿದ್ರೆ ಇನ್ನೂ ಸಲೀಸು. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಹಲಗೆ ಮೇಲೆ ಸೀಳಿನ ಎರಡೂ ಪಕ್ಕ ಅಂಟಿಸ್ದೆ ನಾನು, ಪಕ್ಕದಲ್ಲಿ ಸುತ್ತಿಗೆ ಕೆಲಸ ಮಾಡಿ ಗೋಡೆ ಅದುರಿದ್ರೂ ಮಷೀನ್ ಒಂದು ಚೂರೂ ಮುಂದಕ್ಕೆ ಜರಿಯಲ್ಲ.

ಜೋಡಿಸೋವಾಗ ಸೀಳಿನ ಹಲಗೆಯ ಕೆಳಮೈ ಪಕ್ಕದ ಹಲಗೆಯ ತಳದಿಂದ 180 ಎಂಎಂ ಮೇಲೆ ಬರ್ಬೇಕು, ಬ್ಯಾಟರಿ ನೇತಾಡೋಕೆ ಅಷ್ಟು ಜಾಗ ಬೇಕು. ಮೇಲಿನ ಹಲಗೆ ತುದಿಗೆ. ಮಧ್ಯೆ 104 ಎಂಎಂ ಗ್ಯಾಪ್ ಉಳಿಯುತ್ತೆ, ಹೊಟ್ಟೆಗೆ ಸಾಕು. ಫೆವಿಕಾಲ್ ಹಚ್ಚಿ, 3 ಎಂಎಂ ಡ್ರಿಲ್ ಬಿಟ್ ಹಾಕಿ ಮೊದಲೇ ತೂತು ಹೊಡೆದು ಪ್ರತಿ ಜಾಯಿಂಟಿಗೆ ಮೂರು ಸ್ಕ್ರೂ. ತೂತು ಹೊಡೆಯದೇ ಸೀದಾ ಸ್ಕ್ರೂ ಬಿಟ್ರೆ ಪ್ಲೈ ಅಂಚು ಪದರ ಪದರವಾಗಿ ಬಿಚ್ಚಿಕೊಳ್ಳುತ್ತೆ.

ಮಷೀನ್ ಇಡೋವಾಗ ಚಕ್ ಗೋಡೆ ಕಡೆ, ಹಿಂಭಾಗ ನಮ್ಮ ಕಡೆ. ಸುಮಾರು ಜನ ಉಲ್ಟಾ ಇಡ್ತಾರೆ. ಚಕ್ ಒಳಗಿದ್ರೆ ಕೈ ಹಾಕಿದ ತಕ್ಷಣ ಹಿಡಿ ಅಂಗೈಗೆ ಸರಿಯಾಗಿ ಬರುತ್ತೆ, ಎಳೆದ್ರೆ ಮಷೀನ್ ಕೆಲಸಕ್ಕೆ ರೆಡಿ, ತಿರುಗಿಸೋದೇನೂ ಇಲ್ಲ. ಚಕ್ಕಲ್ಲಿ ಬಿಟ್ ಬಿಟ್ಟಿದ್ರೂ ಅದು ಮುಖಕ್ಕೆ ಚುಚ್ಚೋ ಹಾಗೆ ಹೊರಗೆ ನಿಂತಿರಲ್ಲ. ಉದ್ದ ಬಿಟ್ ಇದ್ರೆ ಹಿಂದಿನ ಪ್ಲೈಗೆ ತಾಗುತ್ತೆ, ಅದಕ್ಕೆ ಬಿಟ್ ತೆಗೆದೇ ಇಡಿ.

ಗೋಡೆಗೆ ನೇತಾಕೋದು

ಬಾಕ್ಸನ್ನ ಸೀದಾ ಗೋಡೆಗೆ ಸ್ಕ್ರೂ ಹೊಡೆದು ಕೂರಿಸಬಹುದು, ಆದ್ರೆ ಫ್ರೆಂಚ್ ಕ್ಲೀಟ್ ಅಂತಾರಲ್ಲ ಅದು ಒಳ್ಳೇದು, ನಾಳೆ ಜಾಗ ಬದಲಾಯಿಸ್ಬೇಕು ಅಂದ್ರೆ ಎತ್ತಿ ಪಕ್ಕಕ್ಕೆ ಹಾಕಿದ್ರೆ ಆಯ್ತು. ಉಳಿದಿದ್ದ 200 ಅಗಲದ ಪಟ್ಟಿನ ಉದ್ದುದ್ದಕ್ಕೆ ಮಧ್ಯೆ 45 ಡಿಗ್ರಿ ಓರೆಯಾಗಿ ಕುಯ್ಯಿಸಿ. ಒಂದೇ ಕುಯ್ತಕ್ಕೆ ಎರಡು ಪಟ್ಟಿ ಬರುತ್ತೆ, ಎರಡಕ್ಕೂ ಒಂದು ಅಂಚು ಚೂಪು. ಗೋಡೆಗೆ ಹೊಡೆಯೋ ಪಟ್ಟಿಲಿ ಚೂಪು ಮೇಲ್ಗಡೆ ಇರ್ಬೇಕು, ಅದೂ ಗೋಡೆಯಿಂದ ಈಚೆ ನಮ್ಮ ಕಡೆಗೆ, ಆಗ ಚೂಪಿಗೂ ಗೋಡೆಗೂ ಮಧ್ಯೆ ಒಂದು ಸಂದಿ ಆಗುತ್ತೆ. ಇನ್ನೊಂದನ್ನ 486ಕ್ಕೆ ಕತ್ತರಿಸಿ ಬಾಕ್ಸಿನ ಬೆನ್ನಿಗೆ ಮೇಲ್ಭಾಗದಲ್ಲಿ ಹೊಡೀರಿ, ಚೂಪು ಕೆಳಗೆ, ಗೋಡೆ ಕಡೆಗೆ. ಸ್ಕ್ರೂ 6 ಎಂಎಂ ಪ್ಲೈಗೆ ಮಾತ್ರ ಹೋದ್ರೆ ಕಿತ್ತು ಬರುತ್ತೆ, ಮೇಲಿನ ಹಲಗೆ ಮತ್ತೆ ಪಕ್ಕದ ಹಲಗೆಗಳ ದಪ್ಪ ಅಂಚಿಗೆ ಹೋಗೋ ಹಾಗೆ ನೋಡ್ಕೊಳ್ಳಿ. ಬಾಕ್ಸ್ ಎತ್ತಿ ಇಳಿಸಿದ್ರೆ ಒಂದರೊಳಗೆ ಒಂದು ಕೂತ್ಕೊಳ್ಳುತ್ತೆ, ಭಾರ ಹೆಚ್ಚಾದಷ್ಟೂ ಬಿಗಿ.

ಇಲ್ಲಿ ಮರೆಯೋದು ಒಂದಿದೆ. ಮೇಲೆ ಪಟ್ಟಿ ಬಂದಿರೋದ್ರಿಂದ ಬಾಕ್ಸ್ ಗೋಡೆಯಿಂದ 18 ಎಂಎಂ ಈಚೆ ಇರುತ್ತೆ, ಕೆಳಗೆ ಏನೂ ಇಲ್ದೇ ಇದ್ರೆ ತಳ ಒಳಗೆ ಹೋಗಿ ಇಡೀ ಬಾಕ್ಸ್ ಮುಂದಕ್ಕೆ ಬಾಗುತ್ತೆ, ಮಷೀನ್ ಜಾರುತ್ತೆ. ಬೆನ್ನಿನ ಕೆಳಗೂ ಅದೇ 18 ಎಂಎಂ ಪ್ಲೈ ತುಂಡು ಹೊಡೀರಿ. ಗೋಡೆಗೂ ಬಾಕ್ಸಿಗೂ ಮಧ್ಯೆ ಗಾಳಿ ಆಡೋದ್ರಿಂದ ಮಳೆಗಾಲದಲ್ಲಿ ಗೋಡೆ ಥಂಡಿ ಪ್ಲೈಗೆ ಹತ್ತಲ್ಲ, ಗೆದ್ದಲು ಮಣ್ಣಿನ ಗೆರೆ ಎಳೆದ್ರೂ ಕಣ್ಣಿಗೆ ಕಾಣುತ್ತೆ.

ಗಟ್ಟಿ ಇಟ್ಟಿಗೆ ಗೋಡೆ ಆದ್ರೆ 8 ಎಂಎಂ ತೂತು, ರಾಲ್ ಪ್ಲಗ್ (ಸ್ಕ್ರೂ ಹಿಡಿಯೋಕೆ ತೂತಿಗೆ ತೂರಿಸೋ ಪ್ಲಾಸ್ಟಿಕ್ ಕೊಳವೆ), 60 ಎಂಎಂ ಸ್ಕ್ರೂ, ನಾಲ್ಕು ಕಡೆ. ಇಟ್ಟಿಗೆ ಸಂದಿಯ ಗಾರೆಲಿ ತೂತು ಬಿದ್ರೆ ಬಿಟ್ಟು ಪಕ್ಕದಲ್ಲಿ ಹೊಡೀರಿ. ಹಾಲೋ ಬ್ಲಾಕ್, ಮಣ್ಣಿನ ಗೋಡೆ, ಹಳೇ ಜಂಬಿಟ್ಟಿಗೆ ಗೋಡೆ ಇರೋರು ಪ್ಲಗ್ ನಂಬಬೇಡಿ. 2 ಇಂಚು 1 ಇಂಚಿನ ಎರಡು ರೀಪರ್ (ಉದ್ದ ಮರದ ಪಟ್ಟಿ) ತಗೊಂಡು ನೆಲದಿಂದಲೇ ಗೋಡೆಗೆ ಆನಿಸಿ ನಿಲ್ಲಿಸಿ, ಕ್ಲೀಟ್ ಪಟ್ಟಿನ ರೀಪರಿಗೆ ಹೊಡೀರಿ. ಭಾರವೆಲ್ಲಾ ರೀಪರ್ ಮೇಲಿಂದ ನೆಲಕ್ಕೆ ಇಳಿಯುತ್ತೆ, ಗೋಡೆ ಸ್ಕ್ರೂ ಅದು ಮುಂದಕ್ಕೆ ವಾಲದಂಗೆ ಹಿಡ್ಕೊಂಡಿದ್ರೆ ಸಾಕು. ರೀಪರ್ ಬುಡಕ್ಕೆ ಒಂದೊಂದು ಕಡಪ ಕಲ್ಲಿನ ಚೂರು ಇಡಿ, ನೆಲದ ನೀರು, ಗೆದ್ದಲು ಎರಡಕ್ಕೂ ತಡೆ.

ಮಷೀನ್ ಇಡೋ ಮೊದಲು ಟೆಸ್ಟ್ ಮಾಡಿ. ಬಾಕ್ಸ್, ನಾಲ್ಕು ಡ್ರಿಲ್ ಎಲ್ಲಾ ಸೇರಿ 11 ಕೆಜಿ ಆಸುಪಾಸು ಬರುತ್ತೆ, ಮೇಲೆ ಕಟ್ಟರ್, ಜಿಗ್ ಸಾ ಇಟ್ರೆ ಇನ್ನೂ ಜಾಸ್ತಿ. 20 ಲೀಟರ್ ಬಕೆಟ್ ತುಂಬಾ ನೀರು ತುಂಬಿ ಕ್ಲೀಟ್ ಪಟ್ಟಿಗೆ ಹಗ್ಗದಲ್ಲಿ ಕಟ್ಟಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪಟ್ಟಿಗೂ ಗೋಡೆಗೂ ಮಧ್ಯೆ ಒಂದು ಪೋಸ್ಟ್ ಕಾರ್ಡ್ ತೂರಿಸಿ ನೋಡಿ, ರಾತ್ರಿ ಹೋಗದೇ ಇದ್ದದ್ದು ಬೆಳಿಗ್ಗೆ ಹೋಯ್ತು ಅಂದ್ರೆ ಪ್ಲಗ್ ಜರುಗಿದೆ ಅಂತ ಅರ್ಥ.

ಗ್ರೈಂಡರ್ ಪೈಪ್

ಈ ಭಾಗ ದಯವಿಟ್ಟು ನಿಧಾನಕ್ಕೆ ಓದಿ. ಗೋಣಿಚೀಲದ ಕಾಲದಲ್ಲಿ ನನ್ನ 4 ಇಂಚಿನ ಗ್ರೈಂಡರನ್ನ ಡಿಸ್ಕ್ ಸಮೇತ ತುಂಬಿದ್ದೆ, ಅದರ ಮೇಲೆ ಮಾರ್ಬಲ್ ಕಟ್ಟರ್. ಒಂದು ದಿನ ತೆಗೆದು ಕಬ್ಬಿಣದ ಆ್ಯಂಗಲ್ ಕುಯ್ಯೋಕೆ ಹಿಡಿದೆ, ಎರಡನೇ ಕುಯ್ತಕ್ಕೆ ಡಿಸ್ಕ್ ಸಿಡೀತು. ಒಂದು ಚೂರು ಗಾರ್ಡಿಗೆ ಬಡಿದು ಆಮೇಲೆ ಗೋಡೆಗೆ ಹೋಗಿ ಪ್ಲಾಸ್ಟರ್ ಬೆರಳಗಲ ಎದ್ದು ಬಂತು. ಗಾರ್ಡ್ ಇತ್ತು, ಕನ್ನಡಕ ಇತ್ತು, ಅದಕ್ಕೇ ಇವತ್ತು ಎರಡು ಕಣ್ಣಲ್ಲಿ ನೋಡ್ಕೊಂಡು ಬರೀತಿದೀನಿ. ತೂಕ ಬಿದ್ದ ಡಿಸ್ಕಲ್ಲಿ ಕೂದಲೆಳೆ ಬಿರುಕು ಬಂದಿರುತ್ತೆ, ಕಣ್ಣಿಗೆ ಕಾಣಲ್ಲ, ನಿಮಿಷಕ್ಕೆ 11,000 ಸುತ್ತು ತಿರುಗಿದಾಗ ಅದು ತಡೆಯಲ್ಲ. ಅದಕ್ಕೆ ಡಿಸ್ಕ್ ಯಾವಾಗ್ಲೂ ಬಿಚ್ಚಿ, ಮಟ್ಟಸವಾಗಿ ಒಂದರ ಮೇಲೊಂದು ಮಲಗಿಸಿ ಒಣಗಿರೋ ಡಬ್ಬದಲ್ಲಿ ಇಡಿ. ಡಿಸ್ಕಿಗೆ ಥಂಡಿನೂ ಆಗಲ್ಲ, ಅಂಟು ದುರ್ಬಲ ಆಗುತ್ತೆ. ಸುಮಾರು ಡಿಸ್ಕಿನ ಮಧ್ಯದ ತಗಡಿನ ರಿಂಗ್ ಮೇಲೆ ತಿಂಗಳು, ವರ್ಷ ಅಚ್ಚು ಹಾಕಿರ್ತಾರೆ, ಅದು ಎಕ್ಸ್‌ಪೈರಿ, ದಾಟಿದ್ರೆ ಎಸೀರಿ.

ಹೋಲ್ಡರಿಗೆ 75 ಎಂಎಂ ಪಿವಿಸಿ ಪೈಪ್ ತುಂಡು ಸಾಕು, 180 ಎಂಎಂ ಉದ್ದ. ಪ್ಲಂಬರ್ ಹತ್ರ ಕೇಳಿದ್ರೆ ಸುಮ್ನೆ ಕೊಡ್ತಾರೆ. ಗ್ರೈಂಡರ್ ಹೊಟ್ಟೆ ಒಳಗೆ ಹೋಗುತ್ತಾ ಅಂತ ತಿಳ್ಕೊಳ್ಳೋಕೆ ಒಂದು ದಾರ ಸುತ್ತಿ ಉದ್ದ ಅಳೆದು 3.14 ರಿಂದ ಭಾಗ ಮಾಡಿ, 65 ಎಂಎಂ ಒಳಗೆ ಬಂದ್ರೆ ಈ ಪೈಪ್, ಜಾಸ್ತಿ ಬಂದ್ರೆ 110ರ ಪೈಪ್. ಪೈಪಿನ ಮುಂದೆ ಮೇಲಿಂದ ಕೆಳಗಿನ ತನಕ 20 ಎಂಎಂ ಅಗಲಕ್ಕೆ ಸೀಳಿ ತೆಗೀರಿ. ಇದು ಮುಖ್ಯ, ವೈರ್ ಮುಂದ್ಗಡೆಯಿಂದಲೇ ಒಳಗೆ ಹೋಗುತ್ತೆ, ಪ್ಲಗ್ ಪೋಣಿಸೋ ಕೆಲಸ ಇಲ್ಲ. ಅದೇ ಸೀಳಿಂದ ಸ್ಕ್ರೂಡ್ರೈವರ್ ತೂರಿಸಿ ಪೈಪಿನ ಬೆನ್ನನ್ನ ಹಲಗೆಗೆ ಎರಡು ಸ್ಕ್ರೂಲಿ ಬಿಗೀಬಹುದು. ಪೈಪ್ ತಳಕ್ಕೆ 90 ಕ್ಕೆ 90 ಪ್ಲೈ ತುಂಡು, ಅದಕ್ಕೂ ಮುಂದಿನಿಂದ ಮಧ್ಯದವರೆಗೆ 20 ಎಂಎಂ ಸೀಳು. ಗ್ರೈಂಡರ್ ಬಾಲ ಆ ತುಂಡಿನ ಮೇಲೆ ಕೂರುತ್ತೆ, ವೈರ್ ಕೆಳಗೆ ನೇರವಾಗಿ ಇಳಿಯುತ್ತೆ, ಕತ್ತಿನ ಹತ್ರ ಮಡಿಕೆ ಬೀಳಲ್ಲ.

ಮಾರ್ಬಲ್ ಕಟ್ಟರ್, ಜಿಗ್ ಸಾಗೆ ಡ್ರಿಲ್ ಬಾಕ್ಸಿನ ಮೇಲಿನ ಹಲಗೆನೇ ಶೆಲ್ಫು. ಕಟ್ಟರ್ ಬ್ಲೇಡ್ ಕೆಳಗೆ ಚಾಚಿಕೊಂಡಿರುತ್ತಲ್ಲ, ಡೆಪ್ತ್ ಪೂರ್ತಿ ಸೊನ್ನೆಗೆ ತಂದು ಇಡಿ, ಬೇಸ್ ಪ್ಲೇಟ್ ಮಟ್ಟಸವಾಗಿ ಕೂರುತ್ತೆ. ಜಿಗ್ ಸಾ ಬ್ಲೇಡ್ ಬಿಚ್ಚಿಡಿ. ಮುಂದಿನ ಅಂಚಿಗೆ ಒಂದು ಸಣ್ಣ ಬೀಡಿಂಗ್ ಪಟ್ಟಿ ಹೊಡೆದ್ರೆ ಕೆಳಗೆ ಬೀಳಲ್ಲ.

ವೈರ್, ಬ್ಯಾಟರಿ, ತುಕ್ಕು

ವೈರನ್ನ ಮಷೀನ್ ಹೊಟ್ಟೆಗೆ ಬಿಗಿಯಾಗಿ ಸುತ್ತೋದು ನಿಲ್ಲಿಸಿ, ಒಳಗೆ ತಾಮ್ರದ ಎಳೆ ಮುರಿಯೋದೇ ಅಲ್ಲಿ. ಕೈಯಗಲದ ಸಡಿಲ ಸುರುಳಿ ಮಾಡಿ ಸೈಕಲ್ ಟ್ಯೂಬ್ ರಿಂಗ್ ಹಾಕಿ ಪಕ್ಕದ ಮೊಳೆಗೆ ನೇತಾಕಿ.

ಬ್ಯಾಟರಿ ಶೀಟ್ ಶೆಡ್ಡಲ್ಲಿ ಬಿಡ್ಬೇಡಿ, ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ನಿಲ್ಲೋಕೂ ಆಗಲ್ಲ, ಲೀಥಿಯಂ ಸೆಲ್ಲಿಗೆ ಬಿಸಿನೇ ಶತ್ರು. ಬೇಸಿಗೇಲಿ ಬ್ಯಾಟರಿ ಬಿಚ್ಚಿ ಮನೆ ಒಳಗೆ ತಗೊಂಡು ಹೋಗ್ತೀನಿ. ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಫುಲ್ ಚಾರ್ಜಲ್ಲೂ ಬೇಡ, ಖಾಲಿಲೂ ಬೇಡ, ಅರ್ಧ ಇರ್ಲಿ. ಮೊಳೆ, ಸ್ಕ್ರೂ ಡಬ್ಬದಲ್ಲಿ ಬ್ಯಾಟರಿ ಹಾಕ್ಲೇಬಾರ್ದು, ಎರಡು ಟರ್ಮಿನಲ್ಲಿಗೆ ಒಂದು ಮೊಳೆ ಅಡ್ಡ ಬಿದ್ರೆ ಶಾರ್ಟ್ ಆಗಿ ಬೆಂಕಿನೇ ಹತ್ತಬಹುದು. ಚಾರ್ಜರ್ ಕೆಳಗೆ ಮರದ ಹೊಟ್ಟು ಇರ್ಬಾರ್ದು, ನಾನು ಅಡಿಗೆ ಒಂದು ಟೈಲ್ಸ್ ತುಂಡು ಇಟ್ಟಿದೀನಿ. ಹಾಗೇ ಇನ್ನೊಂದು, 1200 ವ್ಯಾಟಿನ ಕಟ್ಟರ್ ಒಂದೇ 5 ಆ್ಯಂಪ್ ದಾಟುತ್ತೆ, 6 ಆ್ಯಂಪ್ ಎಕ್ಸ್‌ಟೆನ್ಶನ್ ಬೋರ್ಡಲ್ಲಿ ಅದರ ಜೊತೆ ಗ್ರೈಂಡರ್ ಓಡಿಸ್ಬೇಡಿ.

ತುಕ್ಕಿಗೆ ಹೊಲಿಗೆ ಮಷೀನ್ ಎಣ್ಣೆ ಸಾಕು, ಹಳೇ ಬನಿಯನ್ ಬಟ್ಟೆಗೆ ಎರಡು ತೊಟ್ಟು ಹಾಕಿ ಚಕ್, ಬೇಸ್ ಪ್ಲೇಟ್ ಒರೆಸಿ. ಸಾಗರದಲ್ಲಿರೋ ನಮ್ಮ ಮಾವ ಮಳೆಗಾಲದ ಮೂರು ತಿಂಗಳು ಸ್ಯಾಂಡರ್, ಟ್ರಿಮ್ಮರ್ ಎಲ್ಲಾ ಮುಚ್ಚಳ ಗಟ್ಟಿ ಇರೋ 20 ಲೀಟರ್ ಪೇಂಟ್ ಬಕೆಟ್ಟಲ್ಲಿ ಹಾಕಿ, ಚಪ್ಪಲಿ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಹತ್ತು ಹನ್ನೆರಡು ಸೇರಿಸಿ ಮುಚ್ಚಿಡ್ತಾರೆ, ಅವರ ಟೂಲ್ಸ್ ನನ್ನದಕ್ಕಿಂತ ಹೊಸದಾಗಿ ಕಾಣುತ್ತೆ. ಆಯುಧ ಪೂಜೆಗೆ ಮಾತ್ರ ಒಂದು ಎಚ್ಚರ, ಕುಂಕುಮ ನೀರಲ್ಲಿ ಕಲೆಸಿ ಮೋಟರಿನ ಗಾಳಿ ಕಿಂಡಿ ಹತ್ರ ಹಚ್ಚಬೇಡಿ, ಹಿಡಿ ಮೇಲೆ ಹಚ್ಚಿ.

ಸೀಳು ಕುಯ್ದಾಗ ಉದುರಿದ 45 ಎಂಎಂ ತುಂಡು ನಾಲ್ಕು ಉಳಿದಿರುತ್ತಲ್ಲ, ಎರಡೆರಡು ಅಂಟಿಸಿ ದಪ್ಪ ಮಾಡಿ, ಮೇಲೆ ತೂತು ಹೊಡೆದ್ರೆ ಡ್ರಿಲ್ ಬಿಟ್ ನಿಲ್ಲಿಸೋ ಕಟ್ಟೆ ಎರಡು ಆಗುತ್ತೆ. 6 ಎಂಎಂ ಬಿಟ್ಟಿಗೆ ಆರೂವರೆ ತೂತು, 8ಕ್ಕೆ ಎಂಟೂವರೆ, ಕಾಂಕ್ರೀಟ್ ಬಿಟ್ ಒಂದರಲ್ಲಿ, ಮರ ಮತ್ತೆ ಕಬ್ಬಿಣದ್ದು ಇನ್ನೊಂದರಲ್ಲಿ, ತೂತಿನ ಪಕ್ಕ ಸೈಜ್ ಮಾರ್ಕರಲ್ಲಿ ಬರ್ಕೊಳ್ಳಿ.